‘ಎಷ್ಟನೇ ತಿಂಗಳಮ್ಮ?’

ಸಂಜೆ ಆರೂವರೆಯ ಮೆಟ್ರೋ. ಕುಂದಲಹಳ್ಳಿಯಲ್ಲಿ ಹತ್ತಿದಾಗ ಕಾಲಿಡಲೂ ಜಾಗ ಇರಲಿಲ್ಲ. ಕಾಲೇಜು ಹುಡುಗನೊಬ್ಬ ಥಟ್ಟನೆ ಎದ್ದು ನಿಂತು, "ಕೂತ್ಕೊಳ್ಳಿ ಅಕ್ಕ" ಅಂದ. ಯಾಕೆ ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯ್ತು. ಪಕ್ಕದಲ್ಲಿದ್ದ ಆಂಟಿ ನನ್ನ ಹೊಟ್ಟೆ ನೋಡಿ ಮುಗುಳ್ನಕ್ಕು, "ಎಷ್ಟನೇ ತಿಂಗಳಮ್ಮ?" ಅಂತ ಕೇಳಿದರು.

ನನ್ನ ಮಗಳಿಗೆ ಆಗ ಒಂದು ವರ್ಷ ಎರಡು ತಿಂಗಳು.

ನಾನು "ಐದು" ಅಂದೆ. ನಿಜ ಹೇಳಿದರೆ ಆ ಹುಡುಗನಿಗೂ ಮುಜುಗರ, ಆಂಟಿಗೂ ಮುಜುಗರ. ಹಾಗಾಗಿ ಎಲ್ಲರ ಮುಜುಗರವನ್ನೂ ನಾನೇ ಹೊತ್ತುಕೊಂಡು, ಹೊಟ್ಟೆಯಲ್ಲಿಲ್ಲದ ಮಗುವಿನ ತಾಯಿಯಾಗಿ ವಿಜಯನಗರದವರೆಗೆ ಕೂತು ಬಂದೆ. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತೆ.

ವಿಚಿತ್ರ ಏನೆಂದರೆ, ನನ್ನ ತೂಕ ಬಸುರಿಯಾಗುವ ಮೊದಲು ಇದ್ದಷ್ಟೇ ಇತ್ತು. ಹಳೇ ಜೀನ್ಸ್ ತೊಡೆಗೆ ಸರಿ ಹೋಗುತ್ತಿತ್ತು, ಸೊಂಟದಲ್ಲಿ ಮಾತ್ರ ಗುಂಡಿ ಸೇರುತ್ತಿರಲಿಲ್ಲ. ಬೆಳಿಗ್ಗೆ ಸುಮಾರಾಗಿದ್ದ ಹೊಟ್ಟೆ ಸಂಜೆಯಾಗುವಷ್ಟರಲ್ಲಿ ಉಬ್ಬಿಕೊಳ್ಳುತ್ತಿತ್ತು. ಹಾಸಿಗೆಯಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಂಡು ಎದ್ದು ನಿಲ್ಲುತ್ತಿತ್ತು. ಕೆಮ್ಮಿದರೆ ಹೊಕ್ಕುಳು ಗುಬ್ಬಚ್ಚಿ ಮೂತಿಯ ಹಾಗೆ ಹೊರಗೆ ಬರುತ್ತಿತ್ತು. ಸಿಸೇರಿಯನ್ ಗಾಯದ ಗುರುತು ಒಳಕ್ಕೆ ಎಳೆದುಕೊಂಡು, ಅದರ ಮೇಲೆ ಚರ್ಮ ಮಡಿಕೆಯಾಗಿ ಜೋತು ಬಿದ್ದಿತ್ತು. ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರಿ, ಕೆಂಪಾಗಿ, ಉರಿ.

ಅಮ್ಮನ ಪ್ರಕಾರ ತಪ್ಪು ನನ್ನದೇ. "ಬಾಣಂತನದಲ್ಲಿ ಹೊಟ್ಟೆ ಕಟ್ಕೋ ಅಂತ ಬಡ್ಕೊಂಡೆ. ನೀನು ಸೆಖೆ ಅಂತ ಬಿಚ್ಚಿ ಬಿಸಾಕ್ದೆ. ಗಾಳಿ ಸೇರ್ಕೊಂಡಿದೆ ಕಣೇ." ಅರಸೀಕೆರೆಯ ಮನೆಯಲ್ಲಿ ಮೂರು ತಿಂಗಳು ಅಂಟಿನುಂಡೆ, ಸಾಂಬ್ರಾಣಿ ಹೊಗೆ, ಕುದಿಯುವಂಥ ಬಿಸಿನೀರಿನ ಸ್ನಾನ ಎಲ್ಲ ಆಗಿತ್ತು. ಹಳೇ ಕಾಟನ್ ಸೀರೆಯಲ್ಲಿ ಹೊಟ್ಟೆ ಬಿಗಿಯುವುದನ್ನು ಮಾತ್ರ ಹದಿನೈದು ದಿನಕ್ಕೇ ನಿಲ್ಲಿಸಿದ್ದೆ. ಹಾಗಾಗಿ ಎಷ್ಟೋ ದಿನ ನಾನೂ ಅದನ್ನೇ ನಂಬಿದ್ದೆ.

ಮೊದಲು ಹೋಗಿದ್ದು ಒಂದು ಕಾಸ್ಮೆಟಿಕ್ ಕ್ಲಿನಿಕ್‌ಗೆ. ಹೆಸರು ಬೇಡ. ಡಾಕ್ಟರನ್ನು ನೋಡುವ ಮೊದಲೇ ಕೌನ್ಸೆಲರ್ ಒಬ್ಬರು ಟ್ಯಾಬ್‌ನಲ್ಲಿ ಪ್ಯಾಕೇಜ್ ತೋರಿಸಿದರು. ಲೈಪೋಸಕ್ಷನ್, ಇಎಂಐ ಸೌಲಭ್ಯ, ಈ ತಿಂಗಳೊಳಗೆ ಬುಕ್ ಮಾಡಿದರೆ ರಿಯಾಯಿತಿ. "ಮಮ್ಮಿ ಮೇಕ್‌ಓವರ್ ಮೇಡಂ, ಸೋಮವಾರ ಆಫೀಸಿಗೆ ಹೋಗ್ಬಹುದು." ಯಾರೂ ನನ್ನ ಹೊಟ್ಟೆ ಮುಟ್ಟಿ ನೋಡಲಿಲ್ಲ. ಹೊಕ್ಕುಳು ಹೊರಗೆ ಬರುತ್ತದೆ ಅಂದರೆ, "ಅದೂ ಸರಿಹೋಗುತ್ತೆ" ಅಂದರು.

ನಾನು ಸಾಫ್ಟ್‌ವೇರ್‌ನವಳು. ಏನು ಕೆಟ್ಟಿದೆ ಅಂತ ನೋಡದೆ ರಿಪೇರಿಗೆ ಹೊರಟವರನ್ನು ಕಂಡರೆ ನನಗೆ ಭಯ. ಎದ್ದು ಬಂದೆ.

ಆಮೇಲೆ ನನ್ನ ಹೆರಿಗೆ ಮಾಡಿಸಿದ ಡಾಕ್ಟರ ಹತ್ತಿರವೇ ಹೋದೆ. ಅವರು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತಲೆ ಮಾತ್ರ ಎತ್ತಲು ಹೇಳಿ, ಹೊಕ್ಕುಳ ಮೇಲೆ ಬೆರಳಿಟ್ಟು ಒತ್ತಿದರು. ಮೂರು ಬೆರಳು ಸಲೀಸಾಗಿ ಒಳಗಿಳಿದವು. ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ರಿಪೋರ್ಟ್ ನೋಡಿ ಒಬ್ಬ ಜನರಲ್ ಸರ್ಜನ್, ಒಬ್ಬ ಪ್ಲಾಸ್ಟಿಕ್ ಸರ್ಜನ್ ಇಬ್ಬರ ಹತ್ತಿರಕ್ಕೂ ಕಳಿಸಿದರು. ಈ ಮೂವರಿಂದ ನಾನು ಕಲಿತ ಮುಖ್ಯ ಪಾಠ ಇದು: ಹೊರಗಿನಿಂದ ನೋಡಿದರೆ ‘ಹೊಟ್ಟೆ ಬಂದಿದೆ’ ಅನ್ನುವ ಒಂದೇ ಸಮಸ್ಯೆ. ಒಳಗೆ ನಾಲ್ಕು ಬೇರೆ ಬೇರೆ ಸಮಸ್ಯೆಗಳಿರಬಹುದು, ನಾಲ್ಕಕ್ಕೂ ಉಪಾಯ ಬೇರೆ.

ಮೊದಲನೆಯದು ಕೊಬ್ಬು. ಊಟ, ವ್ಯಾಯಾಮದಿಂದ ಇಳಿಯಬಹುದು. ಹಟ ಮಾಡಿ ಒಂದೇ ಕಡೆ ಕೂತಿದ್ದರೆ ಲೈಪೋಸಕ್ಷನ್ ತೆಗೆಯುತ್ತದೆ. ಆದರೆ ಅದು ಕೊಬ್ಬನ್ನು ಮಾತ್ರ ತೆಗೆಯುತ್ತದೆ. ಚರ್ಮ ಆಗಲೇ ಸಡಿಲವಾಗಿದ್ದರೆ ಒಳಗಿನ ಕೊಬ್ಬು ಹೋದ ಮೇಲೆ ಇನ್ನಷ್ಟು ಜೋಲುತ್ತದೆ. ನನಗೆ ಆ ಪ್ಯಾಕೇಜ್ ಮಾಡಿಸಿದ್ದರೆ ಆಗುತ್ತಿದ್ದುದು ಇದೇ.

ಎರಡನೆಯದು ಚರ್ಮ. ಒಂದು ಮಿತಿ ಮೀರಿ ಹಿಗ್ಗಿದ ಚರ್ಮ ಕ್ರೀಮಿಗೂ ಕುಗ್ಗುವುದಿಲ್ಲ, ಯೋಗಕ್ಕೂ ಕುಗ್ಗುವುದಿಲ್ಲ. ಜೋತು ಬಿದ್ದದ್ದನ್ನು ಕತ್ತರಿಸಿ ತೆಗೆಯುವುದೊಂದೇ ದಾರಿ.

ಮೂರನೆಯದು ಸ್ನಾಯು. ಹೊಟ್ಟೆಯ ಮುಂಭಾಗದಲ್ಲಿ ಎದೆಯಿಂದ ಕೆಳಗಿನವರೆಗೆ ಎರಡು ಪಟ್ಟಿಯಂಥ ಸ್ನಾಯುಗಳಿವೆ. ನಡುವೆ ಅವನ್ನು ಕೂಡಿಸುವ ಗಟ್ಟಿ ಪೊರೆ. ಬಸಿರು ಬೆಳೆದಂತೆ ಆ ಪೊರೆ ಅಗಲವಾಗುತ್ತದೆ. ಹೆರಿಗೆಯ ನಂತರವೂ ಅಂತರ 2 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಡಯಾಸ್ಟಾಸಿಸ್ ರೆಕ್ಟೈ ಅನ್ನುತ್ತಾರೆ. ನನ್ನದು 4.1 ಇತ್ತು.

ನಾಲ್ಕನೆಯದು ಹರ್ನಿಯಾ. ಡಯಾಸ್ಟಾಸಿಸ್‌ನಲ್ಲಿ ಪೊರೆ ತೆಳುವಾಗಿರುತ್ತದೆ ಅಷ್ಟೇ, ತೂತಿರುವುದಿಲ್ಲ. ಹರ್ನಿಯಾದಲ್ಲಿ ತೂತಿರುತ್ತದೆ. ಅದರಿಂದ ಒಳಗಿನ ಕೊಬ್ಬೋ ಕರುಳೋ ಹೊರಗೆ ಇಣುಕುತ್ತದೆ. ನನ್ನ ಹೊಕ್ಕುಳಲ್ಲಿ ಸುಮಾರು ಒಂದು ಸೆಂಟಿಮೀಟರಿನ ತೂತಿತ್ತು.

"ಹಾಗಾದ್ರೆ ಸಿಸೇರಿಯನ್‌ನಲ್ಲಿ ಸ್ನಾಯು ಕತ್ತರಿಸಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?" ಅಂತ ಕೇಳಿದೆ. ಅವರು ನಕ್ಕರು. ಬಿಕಿನಿ ಲೈನ್ ಅನ್ನುವ ಆ ಅಡ್ಡ ಗಾಯಕ್ಕೆ ಫಾನೆನ್‌ಸ್ಟೀಲ್ ಅಂತ ಹೆಸರು. 1900ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯರ ಹೆಸರೇ ಅದು. ಅದರಲ್ಲಿ ಸಾಮಾನ್ಯವಾಗಿ ಆ ಎರಡು ಸ್ನಾಯುಗಳನ್ನು ಕತ್ತರಿಸುವುದಿಲ್ಲ, ಎರಡು ಕಡೆಗೆ ಸರಿಸುತ್ತಾರೆ. ಡಯಾಸ್ಟಾಸಿಸ್ ಬರುವುದು ಬಸಿರಿನಿಂದ. ನಾರ್ಮಲ್ ಹೆರಿಗೆಯಾದವರಿಗೂ ಬರುತ್ತದೆ. ಗಾಯ ಒಳಗಿನ ಪದರಕ್ಕೆ ಅಂಟಿಕೊಂಡು, ಮೇಲಿನ ಚರ್ಮ ಮಡಿಕೆ ಬೀಳುವುದು ಮಾತ್ರ ಸಿಸೇರಿಯನ್‌ನ ಕಾಣಿಕೆ. ಗಾಳಿ ಸೇರಿಕೊಂಡಿದ್ದಕ್ಕೆ ಅಲ್ಲ, ಸೀರೆ ಬಿಚ್ಚಿದ್ದಕ್ಕೂ ಅಲ್ಲ. ಆ ದಿನ ನನ್ನ ತಲೆಯಿಂದ ಒಂದು ದೊಡ್ಡ ಭಾರ ಇಳಿಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಹೆಚ್ಚು. ಅಂದರೆ ನನ್ನ ಟೀಮಿನಲ್ಲೇ ಎಷ್ಟು ಜನರ ಕುರ್ತಾದ ಹಿಂದೆ ಇದೇ ಕಥೆ ಇರಬಹುದು! ಆದರೂ ಕ್ಯಾಂಟೀನಿನಲ್ಲಿ ನಾವು ಮಾತಾಡುವುದು ಇಡ್ಲಿಯ ಕ್ಯಾಲೊರಿ ಬಗ್ಗೆ.

ಪ್ಲಾಸ್ಟಿಕ್ ಸರ್ಜನ್ ತಕ್ಷಣ ಚಾಕು ಹಿಡಿಯಲಿಲ್ಲ. "ಆರು ತಿಂಗಳು ಫಿಸಿಯೋಥೆರಪಿ ಮಾಡಿ, ಆಮೇಲೆ ಬನ್ನಿ" ಅಂದರು. ನಾರ್ವೆಯಲ್ಲಿ ಮೊದಲ ಸಲ ಬಸುರಿಯಾದ 300 ಹೆಂಗಸರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹೆರಿಗೆಯಾದ ಆರು ವಾರಕ್ಕೆ ಶೇ. 60ರಷ್ಟು ಜನರಿಗೆ ಸ್ನಾಯುಗಳ ಅಂತರವಿತ್ತು. ಒಂದು ವರ್ಷಕ್ಕೆ ಅದು ಸುಮಾರು ಶೇ. 33ಕ್ಕೆ ಇಳಿದಿತ್ತು. ಕಾಲವೇ ಎಷ್ಟೋ ಜನರನ್ನು ಸರಿಮಾಡುತ್ತದೆ. ಅದಕ್ಕೇ ಹೆರಿಗೆಯಾದ ಮೂರು ತಿಂಗಳಿಗೇ ಆಪರೇಷನ್ ಅಂತ ಓಡಬಾರದು. ಎದೆಹಾಲು ಬಿಡಿಸಿ ಕೆಲವು ತಿಂಗಳಾಗಿರಬೇಕು, ತೂಕ ಒಂದು ಕಡೆ ನಿಂತಿರಬೇಕು.

ಫಿಸಿಯೋ ಮೊದಲ ದಿನವೇ ನನ್ನ ಯೂಟ್ಯೂಬ್ ಕ್ರಂಚಸ್ ಬಿಡಿಸಿದರು. ಉಸಿರು ಬಿಡುತ್ತಾ ಒಳ ಹೊಟ್ಟೆ ಬಿಗಿಯುವುದು, ಹಾಸಿಗೆಯಿಂದ ನೇರ ಏಳದೆ ಪಕ್ಕಕ್ಕೆ ಹೊರಳಿ ಕೈಯೂರಿ ಏಳುವುದು, ಮಗುವನ್ನು ಎತ್ತುವಾಗ ಉಸಿರು ಹೊರಬಿಡುವುದು. ಸಪ್ಪೆ ವ್ಯಾಯಾಮಗಳು, ಆದರೆ ಫಲ ಕೊಟ್ಟವು. ಸೊಂಟನೋವು ಮುಕ್ಕಾಲು ಭಾಗ ಹೋಯ್ತು. ಅಂತರ 3.2ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಹೊಕ್ಕುಳ ತೂತು ಹಾಗೇ ಇತ್ತು. ಚರ್ಮದ ಮಡಿಕೆಯೂ ಹಾಗೇ.

ಮತ್ತೆ ಹೋದಾಗ ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ಆಯ್ಕೆಗಳನ್ನು ಹೇಳಿದರು.

ಒಂದು, ಹರ್ನಿಯಾ ಮಾತ್ರ ಮುಚ್ಚುವುದು. ಚಿಕ್ಕ ಆಪರೇಷನ್, ಬೇಗ ಚೇತರಿಕೆ, ವಿಮೆ ಸಿಗುತ್ತದೆ. ಆದರೆ ಸುತ್ತಲಿನ ಪೊರೆ ತೆಳುವಾಗಿಯೇ ಇರುವುದರಿಂದ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹೊಟ್ಟೆಯ ಆಕಾರ ಬದಲಾಗುವುದಿಲ್ಲ.

ಎರಡು, ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ, ಹರ್ನಿಯಾ ಮುಚ್ಚಿ, ಸ್ನಾಯುಗಳನ್ನೂ ಹೊಲಿದು ಹತ್ತಿರ ತರುವುದು. ದೊಡ್ಡ ಗಾಯವಿಲ್ಲ. ಚರ್ಮ ಬಿಗಿಯಾಗಿರುವವರಿಗೆ ಒಳ್ಳೆಯದು. ನನ್ನ ಮಡಿಕೆ ಮಾತ್ರ ಉಳಿದೇ ಉಳಿಯುತ್ತಿತ್ತು.

ಮೂರು, ಮಿನಿ ಟಮ್ಮಿ ಟಕ್. ಗಾಯ ಚಿಕ್ಕದು, ಹೊಕ್ಕುಳನ್ನು ಕದಲಿಸುವುದಿಲ್ಲ. ಹೊಕ್ಕುಳ ಕೆಳಗೆ ಮಾತ್ರ ತೊಂದರೆ ಇದ್ದವರಿಗೆ. ನನ್ನ ಅಂತರ ಹೊಕ್ಕುಳ ಮೇಲೆಯೇ ಹೆಚ್ಚು. ಹಾಗಾಗಿ ಇದು ಉಪಯೋಗವಿಲ್ಲ.

ನಾಲ್ಕು, ಪೂರ್ತಿ ಆಬ್ಡೊಮಿನೋಪ್ಲಾಸ್ಟಿ. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೆಳಗೆ ಗಾಯ. ಸ್ನಾಯುಗಳನ್ನು ಮೇಲಿನಿಂದ ಕೆಳಗಿನವರೆಗೆ ಹೊಲಿದು, ಹರ್ನಿಯಾ ಮುಚ್ಚಿ, ಹೆಚ್ಚಿನ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ಜಾಗ ಮಾಡುವುದು. ಹಳೇ ಸಿಸೇರಿಯನ್ ಗುರುತು ಸಾಮಾನ್ಯವಾಗಿ ತೆಗೆಯುವ ಚರ್ಮದ ಜೊತೆಗೇ ಹೋಗುತ್ತದೆ, ಅದಕ್ಕಿಂತ ಉದ್ದದ ಹೊಸ ಗುರುತು ಬರುತ್ತದೆ.

ಅಪಾಯಗಳನ್ನೂ ಅವರೇ ಹೇಳಿದರು. ಚರ್ಮದ ಕೆಳಗೆ ನೀರು ತುಂಬಿಕೊಳ್ಳಬಹುದು. ಅದಕ್ಕೇ ಕೆಲವೊಮ್ಮೆ ಕೆಲವು ದಿನ ಡ್ರೈನ್ ಟ್ಯೂಬ್ ಇಟ್ಟಿರುತ್ತಾರೆ. ಸೋಂಕು, ರಕ್ತಸ್ರಾವ, ಗಾಯ ನಿಧಾನವಾಗಿ ಮಾಯುವುದು, ಕೆಳಹೊಟ್ಟೆ ಜೋಮು ಹಿಡಿದಂತೆ ತಿಂಗಳುಗಟ್ಟಲೆ ಮರಗಟ್ಟಿರುವುದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಆಪರೇಷನ್ ಆದ ಮೇಲೆ ಬೇಗ ಎಬ್ಬಿಸಿ ನಡೆಸುತ್ತಾರೆ. ಹೊಕ್ಕುಳ ಹರ್ನಿಯಾವನ್ನೂ ಜೊತೆಗೇ ಮಾಡುವಾಗ ಹೊಕ್ಕುಳಿಗೆ ರಕ್ತಪೂರೈಕೆ ಕಡಿಮೆಯಾಗುವ ಭಯವೂ ಇದೆ. "ಸೋಮವಾರ ಆಫೀಸಿಗೆ" ಅಂದವರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ದುಡ್ಡಿನ ಲೆಕ್ಕ. ಮೂರು ಕಡೆ ವಿಚಾರಿಸಿದಾಗ ಎರಡು ಲಕ್ಷದಿಂದ ನಾಲ್ಕು ಲಕ್ಷದವರೆಗೆ ಹೇಳಿದರು. ವಿಮೆಯಲ್ಲಿ ಕಾಸ್ಮೆಟಿಕ್ ಸರ್ಜರಿ ಸೇರುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ, ಅಥವಾ ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸುವ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಬೇರೆ ಚಿಕಿತ್ಸೆಗಳಿಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಕಾಸ್ಮೆಟಿಕ್ ಸರ್ಜರಿಗೆ ಇಲ್ಲ. ಒಂದು ಆಸ್ಪತ್ರೆಯ ಬಿಲ್ಲಿಂಗ್‌ನವರು ದನಿ ತಗ್ಗಿಸಿ, "ಎಲ್ಲಾನೂ ಹರ್ನಿಯಾ ಅಂತಲೇ ಹಾಕ್ಕೊಡ್ತೀವಿ ಮೇಡಂ" ಅಂದರು. ಆಸೆಯಾಯ್ತು, ಸುಳ್ಳು ಹೇಳುವುದಿಲ್ಲ. ಎರಡು ದಿನ ಯೋಚಿಸಿ ಬೇಡ ಅಂದೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ನನ್ನ ದೇಹಕ್ಕೆ ಏನು ಮಾಡಿದ್ದಾರೆ ಅನ್ನುವ ದಾಖಲೆಯೇ ಸುಳ್ಳಾಗಿರುತ್ತದಲ್ಲ.

ಇಷ್ಟೆಲ್ಲ ಪ್ರಶ್ನೆಗಳಿಗೆ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಸರ್ಜನ್ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

"ಇನ್ನೊಂದು ಮಗು ಬೇಕಾ?"

ಮತ್ತೆ ಬಸುರಿಯಾದರೆ ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಹೊಲಿದ ಸ್ನಾಯು, ಬಿಗಿ ಮಾಡಿದ ಚರ್ಮ ಮತ್ತೆ ಹಿಗ್ಗುತ್ತದೆ. ಹಾಗಾಗಿ ಮಕ್ಕಳು ಸಾಕು ಅನ್ನಿಸಿದ ಮೇಲೇ ಈ ಆಪರೇಷನ್ ಅಂತ ಅವರ ಸಲಹೆ. ನಾನು ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಎರಡು ವರ್ಷದಿಂದ ಇಬ್ಬರೂ ಜಾಣತನದಿಂದ ತಪ್ಪಿಸಿಕೊಂಡು ಓಡಾಡಿದ್ದ ಪ್ರಶ್ನೆ ಅದು.

ಆ ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಮಾತಾಡಿದೆವು. ಅವರು ಪಾತ್ರೆ ತೊಳೆಯುತ್ತಿದ್ದರು, ನಾನು ಒರೆಸಿಡುತ್ತಿದ್ದೆ. ಅವರಿಗೆ ಇನ್ನೊಂದು ಮಗುವಿನ ಆಸೆ ಇದೆ ಅಂತ ನನಗೆ ಗೊತ್ತಿತ್ತು. ನನಗಿಲ್ಲ ಅಂತ ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. "ನನಗೆ ಒಂದು ಮಗು ಸಾಕು" ಅಂತ ನಾನು ಜೋರಾಗಿ ಹೇಳಿದ್ದು ಅವತ್ತೇ ಮೊದಲು. ಅವರು ನಲ್ಲಿ ನಿಲ್ಲಿಸಿ ಸುಮ್ಮನೆ ನಿಂತರು. ಬೇಜಾರಾಗಿತ್ತು, ಮುಚ್ಚಿಡಲಿಲ್ಲ. ವಾರಗಟ್ಟಲೆ ಮಾತಾಡಿದೆವು. ಆಮೇಲೆ ಒಂದು ದಿನ ಅವರೇ, "ಆಸೆ ನನ್ನದಿರಬಹುದು, ಹೊರಬೇಕಾದವಳು ನೀನು. ಒಬ್ಬಳೇ ಸಾಕು" ಅಂದರು. ಅವರ ಬೇಜಾರು ಪೂರ್ತಿ ಹೋಗಿದೆ ಅಂತ ನಾನು ಹೇಳಲಾರೆ. ಆದರೆ ಈ ಮಾತು ಆಗದೇ ಆಪರೇಷನ್ ಟೇಬಲ್ ಮೇಲೆ ಮಲಗಿದ್ದರೆ ಅದು ತಪ್ಪಾಗುತ್ತಿತ್ತು.

ಇನ್ನು ಅಮ್ಮ. ಆಪರೇಷನ್ ಆದಮೇಲೆ ಸುಮಾರು ಆರು ವಾರ ಭಾರ ಎತ್ತುವ ಹಾಗಿಲ್ಲ. ಮಗಳು ಈಗ 12 ಕೆ.ಜಿ. ಹೆರಿಗೆಗಾದರೆ ಕಾನೂನಿನಂತೆ 26 ವಾರ ರಜೆ ಇತ್ತು. ಇದಕ್ಕೆ ಉಳಿದ ಸಿಕ್ ಲೀವ್, ಆಮೇಲೆ ಮನೆಯಿಂದ ಕೆಲಸ. ಅಮ್ಮ ಬರಲೇಬೇಕು. ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ ಸಿಡುಕಿದರು. "ಚೆಂದ ಕಾಣೋಕೆ ಹೊಟ್ಟೆ ಕೊಯ್ಸ್ಕೋತಾರಾ? ನಾವೆಲ್ಲ ಹೆತ್ತಿಲ್ವಾ?"

ಮುಂದಿನ ವಾರ ಬಂದರು. ನಾನು ಸ್ಕ್ಯಾನಿಂಗ್ ರಿಪೋರ್ಟ್ ತೋರಿಸಿ, ಹೊಕ್ಕುಳ ತೂತಿನ ಬಗ್ಗೆ ಹೇಳುತ್ತಿದ್ದೆ. ಅಮ್ಮ ಕೇಳುತ್ತಾ ಕೂತಿದ್ದವರು ಎದ್ದು ಹೋಗಿ ಕೋಣೆ ಬಾಗಿಲು ಹಾಕಿ ಬಂದರು. ಸೆರಗು ಸರಿಸಿ, "ಇದೂ ಅದೇನಾ ನೋಡು" ಅಂದರು. ನಾನು ಹುಟ್ಟಿದ್ದೂ ಸಿಸೇರಿಯನ್‌ನಲ್ಲೇ. ಆಗ ಅವರಿಗೆ ಹಾಕಿದ್ದು ಹೊಕ್ಕುಳಿಂದ ಕೆಳಗೆ ಉದ್ದ ಗಾಯ. ಆ ಗಾಯದ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಕೆಮ್ಮುವಾಗ ಅಮ್ಮ ಅಲ್ಲಿ ಕೈ ಒತ್ತಿ ಹಿಡಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದು ಅವರ ಅಭ್ಯಾಸ ಅಂದುಕೊಂಡಿದ್ದೆ.

"ಯಾಕಮ್ಮ ಹೇಳ್ಲಿಲ್ಲ?"

"ಯಾರಿಗೆ ಹೇಳೋದು? ನೋವಿಲ್ಲ, ಏನಿಲ್ಲ. ನಿಂದನ್ನ ನೋಡಿದ್ಮೇಲೆ ಹೆಸರು ಗೊತ್ತಾಯ್ತು."

ಹಾಸನದಲ್ಲಿ ತೋರಿಸಿದೆವು. ಹಳೇ ಗಾಯದಲ್ಲೇ ಬಂದ ಹರ್ನಿಯಾ. ಕರುಳು ಸಿಕ್ಕಿಹಾಕಿಕೊಂಡು ರಕ್ತ ಹರಿಯದಂತಾದರೆ ತುರ್ತು ಆಪರೇಷನ್ನೇ ಗತಿ, ಅದಕ್ಕೆ ಮೊದಲೇ ಮಾಡಿಸಿ ಅಂದರು. ನನ್ನ ತಾರೀಖು ಮುಂದಕ್ಕೆ ಹೋಯ್ತು, ಅಮ್ಮನದು ಮೊದಲಾಯ್ತು. ಮೆಶ್ ಹಾಕಿ ಮುಚ್ಚಿದರು. ಆಪರೇಷನ್ ನಂತರ ಹೊಟ್ಟೆಗೆ ಬೆಲ್ಟ್ ಬಿಗಿಯುವಾಗ ಅಮ್ಮ, "ನೋಡ್ದಾ, ಕೊನೆಗೆ ಡಾಕ್ಟ್ರೂ ಹೊಟ್ಟೆ ಕಟ್ಕೋ ಅಂತಲೇ ಹೇಳಿದ್ದು" ಅಂತ ಗೆದ್ದವರ ಹಾಗೆ ನಕ್ಕರು. ಐದು ತಿಂಗಳಾಯ್ತು, ಈಗ ಆರಾಮಾಗಿದ್ದಾರೆ.

ನಾನು ನಾಲ್ಕನೆಯ ಆಯ್ಕೆಯನ್ನೇ ಆರಿಸಿಕೊಂಡಿದ್ದೇನೆ. ಹರ್ನಿಯಾ ಭಾಗಕ್ಕೆ ಮಾತ್ರ ವಿಮೆ, ಉಳಿದದ್ದು ನಮ್ಮ ಉಳಿತಾಯದಿಂದ. ‘ಹರ್ನಿಯಾಗೋಸ್ಕರ ಮಾಡಿಸ್ತಿದೀನಿ’ ಅಂತ ಎಲ್ಲರಿಗೂ ಹೇಳಿ ಪಾರಾಗಬಹುದಿತ್ತು. ಅದು ಅರ್ಧ ಸತ್ಯ. ಆ ಮಡಿಕೆ ಹೋಗಬೇಕು ಅನ್ನುವ ಆಸೆಯೂ ನನಗಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ವರ್ಷ ಹಿಡಿಯಿತು. ಹೊಟ್ಟೆ ಹೇಗಿದೆಯೋ ಹಾಗೇ ಇರಲಿ ಅಂತ ನೆಮ್ಮದಿಯಾಗಿರುವ ಗೆಳತಿಯರೂ ನನಗಿದ್ದಾರೆ. ಅವರದು ತಪ್ಪಲ್ಲ, ನನ್ನದೂ ತಪ್ಪಲ್ಲ.

ನೀವೂ ಇದೇ ಯೋಚನೆಯಲ್ಲಿದ್ದರೆ ಇಷ್ಟು ಮಾಡಿ. ಮೊದಲು ಮುಟ್ಟಿ ನೋಡುವ ಡಾಕ್ಟರ ಹತ್ತಿರ ಹೋಗಿ. ಕೊಬ್ಬು, ಚರ್ಮ, ಸ್ನಾಯು, ಹರ್ನಿಯಾ, ಇದರಲ್ಲಿ ನಿಮ್ಮದು ಯಾವುದು ಅಂತ ಕೇಳಿ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರಾ ನೋಡಿ. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ, ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ನಾಚಿಕೆಯಿಲ್ಲದೆ ಕೇಳಿ. ರಿಯಾಯಿತಿ ಮುಗಿಯುತ್ತದೆ ಅಂತ ಅವಸರ ಮಾಡಿಸಿದರೆ ಎದ್ದು ಬನ್ನಿ. ಮತ್ತೆ, ನಿಮ್ಮಮ್ಮ ಕೆಮ್ಮುವಾಗ ಹೊಟ್ಟೆ ಹಿಡಿದುಕೊಳ್ಳುತ್ತಾರಾ ಅಂತ ಒಂದು ಸಲ ಗಮನಿಸಿ.

ಮುಂದಿನ ತಿಂಗಳು ನನ್ನ ಆಪರೇಷನ್. ಭಯ ಇದೆ. ಅದಕ್ಕಿಂತ ಹೆಚ್ಚಾಗಿ, "ಅಮ್ಮಾ ಎತ್ಕೋ" ಅಂತ ಮಗಳು ಕೈ ಚಾಚಿದಾಗ ಏನು ಮಾಡುವುದು ಅನ್ನುವ ಚಿಂತೆ. ಹದಿನೈದು ದಿನದಿಂದ ಹೊಸ ಆಟ ಕಲಿಸುತ್ತಿದ್ದೇವೆ. ಸೋಫಾದ ಮುಂದೆ ಒಂದು ಪುಟ್ಟ ಮಣೆ ಇಟ್ಟಿದ್ದೇವೆ. ನಾನು ಎತ್ತುವುದಿಲ್ಲ, ಸುಮ್ಮನೆ ಕೂತಿರುತ್ತೇನೆ. ಅವಳೇ ಮಣೆ ಹತ್ತಿ, ಸೋಫಾ ಹತ್ತಿ, ನನ್ನ ಪಕ್ಕಕ್ಕೆ ಬಂದು ಒರಗಬೇಕು. ಮೊದಲ ದಿನ ಅತ್ತಳು. ನಿನ್ನೆ ತಾನಾಗಿಯೇ ಹತ್ತಿ ಬಂದು, "ಬಂದೆ" ಅಂದಳು.